ಅಮ್ಮ ಹೊಸೆದ ಊದುಬತ್ತಿ, ತಂಗಿಯ ಉಸಿರು

ಉರಿಯುವ ಊದುಬತ್ತಿಯ ಪರಿಮಳ ನಿಮಗೆಲ್ಲ ಗೊತ್ತು. ಹೊಸೆಯುವಾಗಿನ ವಾಸನೆ ಬೇರೆ. ನೀರು ಬಿದ್ದ ಇದ್ದಿಲ ಪುಡಿ, ಮರದ ತೊಗಟೆಯ ಜಿಗಟು, ಹಸಿ ಬಿದಿರು ಎಲ್ಲ ಸೇರಿ ಗಂಟಲಿಗೆ ಅಂಟಿಕೊಳ್ಳುವ ವಾಸನೆ ಅದು. ಮೊನ್ನೆ ಮಾರೇನಹಳ್ಳಿಯಲ್ಲಿ ಸೊಪ್ಪು ಕೊಳ್ಳಲು ಸ್ಕೂಟರ್ ನಿಲ್ಲಿಸಿದಾಗ ಯಾವುದೋ ಕಿಟಕಿಯಿಂದ ಅದು ಬಂತು. ಹೆಲ್ಮೆಟ್ ಕೂಡ ತೆಗೆಯದೆ ಹಾಗೇ ನಿಂತುಬಿಟ್ಟೆ. ಬಸವೇಶ್ವರನಗರದಲ್ಲಿ ಓನರ್ ಮನೆಯ ಹಿಂದಿದ್ದ ನಮ್ಮ ಒಂದೂವರೆ ಕೋಣೆಯ ಪೋರ್ಷನ್ ನೆನಪಾಯಿತು. ಈಗ ಅಲ್ಲಿ ನಾಲ್ಕು ಅಂತಸ್ತಿನ ಪಿಜಿ ಎದ್ದಿದೆ. ತಿಂಡಿ ಮುಗಿಸಿ ಅಮ್ಮ ಮಣೆಯ ಮುಂದೆ ಕೂತರೆ, ಅಂಗೈ ಒಮ್ಮೆ ಹೋಗಿ ಬರುವಷ್ಟರಲ್ಲಿ ಬಿದಿರುಕಡ್ಡಿ ಕಪ್ಪು ಬತ್ತಿಯಾಗಿರುತ್ತಿತ್ತು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಬತ್ತಿಗಳನ್ನು ಒಳಗೇ, ತಂಗಿ ಸುಮಾ ಮಲಗುವ ಚಾಪೆಯ ಪಕ್ಕದಲ್ಲಿ ಹರವುತ್ತಿದ್ದೆವು. ಪುಡಿ ಜರಡಿ ಹಿಡಿಯುವುದು ನನ್ನ ಕೆಲಸ. ಆಟಕ್ಕೆ ಓಡುವ ಆತುರದಲ್ಲಿ ರಪರಪ ಜಾಡಿಸುತ್ತಿದ್ದೆ. ಆರು ವರ್ಷದ ಸುಮಾ ಆ ಧೂಳಿನಲ್ಲೇ ಕೂತು ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು.

ಆ ವರ್ಷ ಅವಳ ಎದೆ ಸುಂಯ್‌ಗುಟ್ಟಲು ಶುರುವಾಯಿತು. ಅಮ್ಮ ಇಬ್ಬರನ್ನೂ ಕರೆದುಕೊಂಡು ಕ್ಲಿನಿಕ್ಕಿಗೆ ಹೋದಳು. ಡಾಕ್ಟರು ಸಾವಧಾನವಾಗಿ ಒಂದೊಂದೇ ಕೇಳಿದರು. ಮನೆಯಲ್ಲಿ ಇನ್ಯಾರಿಗಾದರೂ ಉಬ್ಬಸ ಇದೆಯೇ, ಸಿಗರೇಟು ಸೇದುವವರಿದ್ದಾರೆಯೇ, ಗೋಡೆ ತೇವ ಹಿಡಿದಿದೆಯೇ. ಅಜ್ಜನ ಉಬ್ಬಸವನ್ನೂ ಗೋಡೆಯ ತೇವವನ್ನೂ ಅಮ್ಮ ಮುಚ್ಚಿಡಲಿಲ್ಲ. ಕೊನೆಗೆ ಡಾಕ್ಟರು, "ಮನೇಲಿ ಧೂಳು, ಹೊಗೆ ಬರೋ ಕೆಲಸ ಏನಾದ್ರೂ ಮಾಡ್ತೀರಾ?" ಎಂದರು.

ಪರದೆಯ ಆಚೆ ಬೆಂಚಿನ ಮೇಲೆ ನನ್ನ ಕ್ಲಾಸಿನ ವೀಣಾ ಕೂತಿದ್ದಳು. ನಮ್ಮಮ್ಮ ಬಟ್ಟೆ ಹೊಲಿಯುತ್ತಾಳೆ ಎಂದು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಹನ್ನೊಂದು ವರ್ಷಕ್ಕೇ ಎಂಥ ಜಂಭ ನನ್ನದು. ಅಮ್ಮ ಬಾಯಿ ತೆರೆಯುವ ಮೊದಲೇ "ಇಲ್ಲ ಸಾರ್, ಏನೂ ಇಲ್ಲ" ಎಂದುಬಿಟ್ಟೆ. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಕಪ್ಪು ಹಿಡಿದ ಉಗುರುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅವಳ ಕೆಲಸ ನನಗೆ ನಾಚಿಕೆಯೆಂದು ಅವಳಿಗೆ ಆಗ ಗೊತ್ತಾಯಿತು. ಡಾಕ್ಟರು ಔಷಧಿ ಬರೆದುಕೊಟ್ಟರು. ಮರುದಿನ ನಾನು ಮತ್ತೆ ಜರಡಿ ಹಿಡಿದೆ.

ಓರಗೆಯ ಮಕ್ಕಳು ಕುಂಟೆಬಿಲ್ಲೆ ಆಡುವಾಗ ಸುಮಾ ಕಿಟಕಿಯ ಪಕ್ಕ ಕೂತು ಉಸಿರೆಳೆದುಕೊಳ್ಳುತ್ತಿದ್ದಳು. ವರ್ಷಗಟ್ಟಲೆ ಹಾಗೇ ನಡೆಯಿತು. ಕಾಯಿಲೆಗೆ ಆ ಧೂಳೊಂದೇ ಕಾರಣವಲ್ಲ ಎಂದು ನೀವು ಸಮಾಧಾನ ಹೇಳಬಹುದು. ಆದರೆ ಆ ಒಂದು ಕಾರಣವನ್ನು ತಪ್ಪಿಸುವುದು ನನ್ನ ಒಂದು ಮಾತಿನಲ್ಲಿತ್ತು, ನಾನು ಆಡಲಿಲ್ಲ.

ಅಮ್ಮ ಹೋಗಿ ಮೂರು ವರ್ಷವಾಯಿತು. ಅವಳಲ್ಲಿ ಕ್ಷಮೆ ಕೇಳುವುದು ಹಾಗೇ ಉಳಿದುಹೋಯಿತು. ಮೊನ್ನೆ ಮಾರೇನಹಳ್ಳಿಯಿಂದ ನೇರ ಅನ್ನಪೂರ್ಣೇಶ್ವರಿ ನಗರದ ಸುಮಾಳ ಮನೆಗೆ ಹೋಗಿ ಎಲ್ಲ ಹೇಳಿಕೊಂಡೆ. ಬೈದರೆ ಬೈಯಲಿ ಎಂದುಕೊಂಡೇ ಹೋಗಿದ್ದೆ. ಅವಳು ಬೈಯಲಿಲ್ಲ.

"ಮುಂದಿನ ಸಲ ನೀನು ಬಂದಿರ್ಲಿಲ್ಲ. ಡಾಕ್ಟ್ರು ನನ್ನೇ ಕೇಳಿದ್ರು ಕಣಕ್ಕ," ಎಂದಳು. "ನೀನು ಇಲ್ಲ ಅಂದಿದ್ಯಲ್ಲ, ಅದಕ್ಕೆ ನಾನೂ ಇಲ್ಲ ಅಂದೆ."

ಆಗ ಅವಳಿಗೆ ಆರು ವರ್ಷ.