ಕಮಲಾಪುರದ ಬಂಡಿಯ ಬಲಗಡೆ

ನನ್ನ ತವರಿಗೂ ಅತ್ತೆಮನೆಗೂ ಮಾತು ಬಿಟ್ಟುಹೋದದ್ದು ಬಾಜಾದವರ ದೆಸೆಯಿಂದ. ಮದುವೆಯ ದಿಬ್ಬಣ ಕಲಬುರಗಿಯಿಂದ ನನ್ನ ತವರೂರು ಕಮಲಾಪುರದ ಅಗಸಿಬಾಗಿಲಿಗೆ ಬಂದಾಗ, ಬೀಗರನ್ನು ಬಾಜಾ ಬಾರಿಸಿ ಎದುರುಗೊಳ್ಳಬೇಕಲ್ಲ, ನಮ್ಮ ಬಾಜಾದವರು ಇನ್ನೊಂದು ಮದುವೆಯ ಊಟದಲ್ಲಿ ಕೂತಿದ್ದರು. ಅಪ್ಪ ಅವರನ್ನು ಎಲೆಯ ಮುಂದಿನಿಂದ ಎಬ್ಬಿಸಿ ತರುವತನಕ ಮಾವನವರು ತಲೆಗೆ ಪಟಗ ಸುತ್ತಿಕೊಂಡು ಸುಡುಬಿಸಿಲಲ್ಲಿ ಗಾಡಿಯ ಮೇಲೆಯೇ ಕೂತಿದ್ದರು. ಅಕ್ಷತೆ ಬಿತ್ತು, ಊಟವೂ ಆಯಿತು. ಆದರೆ ಊರು ಬಿಡುವಾಗ, ಈ ಮನೆಯ ನೀರು ಮುಟ್ಟುವುದಿಲ್ಲ, ಈ ಮನೆಯವರು ನನ್ನ ಹೊಸ್ತಿಲು ತುಳಿಯಕೂಡದು ಎಂದು ಹೇಳಿಯೇ ಹೊರಟರು. ಗಂಡಸರ ಸಿಟ್ಟಿಗೆ ಬಾಜಾದಷ್ಟು ಸಣ್ಣ ಕಾರಣ ಸಾಕು. ಅನುಭವಿಸಿದವಳು ನಾನು.

ಕಲಬುರಗಿಯ ಶಹಾಬಜಾರದ ಇಕ್ಕಟ್ಟು ಓಣಿಯ ಆ ಅತ್ತೆಮನೆಗೆ ಎರಡು ವರ್ಷ ನನ್ನ ಕಡೆಯವರು ಯಾರೂ ಬರಲಿಲ್ಲ. ಅಷ್ಟರಲ್ಲಿ ನಾನು ಬಸುರಿಯಾದೆ, ಏಳು ತಿಂಗಳು ತುಂಬಿತು. ಚೊಚ್ಚಲ ಬಸುರಿಗೆ ತವರಿನವರು ಕುಪ್ಪಸಕ್ಕೆ ಹಸಿರು ಖಣ, ಹಸಿರು ಬಳೆ ತಂದು, ಹೂ ಮುಡಿಸಿ, ಉಡಿ ತುಂಬಿ ಕುಬಸ ಮಾಡಬೇಕು. ಆಮೇಲೆಯೇ ಅವಳು ಹೆರಿಗೆಗೆ ತವರಿಗೆ ಹೋಗುವುದು. ಹೊಸ್ತಿಲೇ ತುಳಿಯಬಾರದವರು ಕುಬಸ ಎಲ್ಲಿಂದ ತರಬೇಕು? ಅವ್ವನಿಲ್ಲದೆ ಹೆರುವುದನ್ನು ನೆನೆದು, ಒಲೆಯ ಹೊಗೆಯ ನೆವ ಹೇಳಿ ಅಡುಗೆಮನೆಯಲ್ಲಿ ಅತ್ತಿದ್ದಕ್ಕೆ ಲೆಕ್ಕವಿಲ್ಲ. ಅತ್ತೆ ನೋಡಿಯೂ ನೋಡದಂತೆ ಇರುತ್ತಿದ್ದರು. ಕಲ್ಲಿನಂಥ ಹೆಂಗಸು ಎಂದುಕೊಂಡಿದ್ದೆ.

ಆಗಲೇ ಹುಜೂರ ನಿಜಾಮರ ಸಾಲಗಿರೆ ಬಂತು. ಅವರ ಹುಟ್ಟಿದ ದಿನಕ್ಕೆ ದೊಡ್ಡ ಮೆರವಣಿಗೆ, ಜುಲೂಸು. ಊರೂರಿನಿಂದ, ಪೇಟೆಪೇಟೆಯಿಂದ ಹೂವಿನ ಬಂಡಿಗಳು. ಹಗಲು ಆ ಗದ್ದಲದಲ್ಲಿ ನಿಲ್ಲುವುದು ನಮ್ಮಂಥ ಮನೆಯ ಹೆಂಗಸರಿಗೆ ಸಲ್ಲದು. ಅದಕ್ಕೇ ಹಿಂದಿನ ದಿನ ಸಂಜೆ, ಬಂಡಿಗಳು ಕೋಟೆಯ ಮುಂದಿನ ಬಯಲಿನಲ್ಲಿ ಸಾಲಾಗಿ ನಿಂತಾಗ ನಾವು ಹೋಗಿ ನೋಡಿ ಬರುವುದು. ಗಂಡಸರು ನೋಡಿದ್ದು ಧೂಳು. ಬಂಡಿ ನೋಡಿದವರು ನಾವು ಎಂದು ಈಗಲೂ ಹೇಳುತ್ತೇನೆ.

ದೀಪ ಹಚ್ಚಿದ ಮೇಲೆ ಬಸುರಿ ಹೊಸ್ತಿಲು ದಾಟುವಂತಿಲ್ಲವಾದ್ದರಿಂದ ನನಗೆ ಆ ಆಸೆಯೇ ಇರಲಿಲ್ಲ. ಆದರೆ ಅತ್ತೆ ಒಳಗೆ ಬಂದು, ಗಾಳಿ ಸೋಕದಿರಲೆಂದು ನನ್ನ ಜಡೆಗೆ ಬೇವಿನ ಎಲೆ ಸಿಕ್ಕಿಸಿದರು.

"ಏಳು ತಂಗಿ, ಬಂಡಿ ನೋಡಿ ಬರೂಣು. ನಿಮ್ಮ ಮಾವ ಅಂಗಡಿಯಿಂದ ಬರೂದರಾಗ ಬಂದುಬಿಡೂಣು."

ದೂರದಿಂದ ಅರಮನೆಯಂತೆ ಕಾಣುವ ಬಂಡಿ ಹತ್ತಿರ ಹೋದರೆ ಬೇರೆಯೇ. ಎತ್ತು ಬಿಚ್ಚಿ, ಮುಂದಿನ ಮೂಕಿಮರದ ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದ್ದರು. ಹೂವಿನ ಸಂದಿಯಲ್ಲಿ ಬಿದಿರು, ಹರಕು ಗೋಣಿ ಇಣುಕುತ್ತಿದ್ದವು. ಒದ್ದೆ ಹೂವಿನ ವಾಸನೆಯೊಳಗೆ ಸಗಣಿಯ ವಾಸನೆಯೂ ಸೇರಿತ್ತು. ಅದೇ ನನಗೆ ಹೆಚ್ಚು ಹಿಡಿಸಿತು. ಮೋಮಿನಪುರದವರು ಗುಲಾಬಿ, ಮಲ್ಲಿಗೆಯಲ್ಲಿ ಒಂದು ಮಿನಾರನ್ನೇ ಎಬ್ಬಿಸಿದ್ದರು. ನಾನು ಬಾಯಿ ತೆರೆದು ನಿಂತೆ. ಅತ್ತೆ ಕಣ್ಣೆತ್ತಿಯೂ ನೋಡದೆ ನನ್ನ ಕೈ ಜಗ್ಗಿಕೊಂಡು ನಡೆದರು. ಕಾವಲಿಗೆ ನಿಂತ ಜವಾನನನ್ನು ಕೇಳಿದರು, "ಕಮಲಾಪುರದ್ದು ಯಾವುದಪ್ಪಾ?"

ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು.

ನಾಲ್ಕು ಮೂಲೆಗೆ ನಮ್ಮೂರಿನ ಕೆಂಪು ಬಾಳೆಯ ಗೊನೆ, ಎರಡೂ ಬದಿಗೆ ಮೇಲಿನಿಂದ ಗಾಲಿಯತನಕ ಚೆಂಡುಹೂ, ಸೇವಂತಿಗೆಯ ಪರದೆ. ದಾರವಲ್ಲ, ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿದ್ದು. ಆ ಕೈ ನನಗೆ ಗೊತ್ತು. ಗಾಲಿಯ ಹಿಂದೆ ಗೋಣಿಯ ಮೇಲೆ ಕೂತು, ಕಾಲಬೆರಳಿಗೆ ನಾರು ಸಿಕ್ಕಿಸಿಕೊಂಡು, ಕಂದೀಲಿನ ಬೆಳಕಿನಲ್ಲಿ ಕೊನೆಯ ಸೇವಂತಿಗೆಗಳನ್ನು ಕಟ್ಟುತ್ತಿದ್ದವಳು ನನ್ನ ಅವ್ವ. ಹೂ ಬಾಡದಂತೆ ಅಲ್ಲೇ ಕೂತು ಕಟ್ಟಲು ಊರಿನವರು ಅವಳನ್ನು ಗಾಡಿಯಲ್ಲಿ ಕರೆತಂದಿದ್ದರು. ಆ ಸುದ್ದಿ ಹೇಗೋ ಅತ್ತೆಯ ಕಿವಿಗೆ ಬಿದ್ದಿತ್ತು.

ಅವ್ವ ಎದ್ದಳು. ಮೊದಲು ನೋಡಿದ್ದು ನನ್ನನ್ನಲ್ಲ, ಅತ್ತೆಯನ್ನು. ಸೆರಗು ಹೊದ್ದು ಅಂದಳು, "ನಾ ನಿಮ್ಮ ಬಾಗಲಿಗೆ ಬಂದಿಲ್ರಿ ಬೀಗತಿ. ಬಯಲಾಗ ಕುಂತೀನಿ."

"ಅದಕ್ಕಽ ಬಾಗಲಾನಽ ಬಯಲಿಗೆ ಬಂದದ," ಎಂದರು ಅತ್ತೆ. "ಖಣ ತಂದೀರಿಲ್ಲೋ?"

ತಂದಿದ್ದಳು! ಯಾರ ಕೈಲಾದರೂ ಕಳಿಸಬಹುದೇನೋ ಎಂದು ಹಸಿರು ಖಣ, ಬಳೆಗಳನ್ನು ಗಂಟು ಕಟ್ಟಿಕೊಂಡು ಬಂದಿದ್ದಳು. ಆದರೆ ಮುಡಿಸಲು ಹೂವು? ಕಟ್ಟಿದ್ದೆಲ್ಲ ಬಂಡಿ ಏರಿತ್ತು. ಅವಳ ಕೈಯಲ್ಲಿ ಉಳಿದದ್ದು ಗೇಣುದ್ದ. ಅವ್ವ ಬಂಡಿಯ ಬಲಗಡೆ ಕೈ ಹಾಕಿದಳು. ಜವಾನ ಓಡಿ ಬಂದ.

"ಏ ಅಮ್ಮಾ, ಫೂಲ್ ನಕೋ ತೋಡೋ, ಹೂ ಹರೀಬ್ಯಾಡ್ರಿ! ಮುಂಜಾನಿ ಸಾಹೇಬರು ಬಂದು ನೋಡ್ತಾರ!"

ಅತ್ತೆ ಸೊಂಟದ ಮೇಲೆ ಕೈ ಇಟ್ಟು ಅವನ ಮುಂದೆ ನಿಂತರು. "ಬಸುರಿ ಬಯಕಿ ಅದಪ್ಪಾ. ನಿಮ್ಮವ್ವ ನಿನ್ನ ಹೊತ್ತಾಗ ಏನೂ ಬಯಸಿಲ್ಲೇನು? ಇಲ್ಲ ಅಂತಿಯೇನು ಇಕಿಗೆ?"

ಬಸುರಿಯ ಬಯಕೆಗೆ ಇಲ್ಲವೆನ್ನುವ ಎದೆ ಯಾವ ಜಾತಿಯ ಗಂಡಸಿಗೂ ಇರಲಿಲ್ಲ. ಅವನು ನನ್ನ ಹೊಟ್ಟೆ ನೋಡಿದ, ಕಂದೀಲನ್ನು ಆಚೆಗೆ ತಿರುಗಿಸಿಕೊಂಡ. "ಜಲ್ದಿ ಮುಗಸ್ರಿ ಅಮ್ಮಾ," ಎಂದ.

ಅವ್ವನಿಗೆ ಬೇಕಾಗಿದ್ದದ್ದು ಮೊಳದಷ್ಟು. ಆದರೆ ಅವಳು ಕಟ್ಟುವುದೇ ಹಾಗೆ, ನಾರಿಗೆ ನಾರು ಕೂಡಿಸಿ ಇಡೀ ಬದಿಗೆ ಒಂದೇ ಎಳೆ. ತಾನೇ ಕಟ್ಟಿದ್ದೆಂಬುದನ್ನು ಗಡಿಬಿಡಿಯಲ್ಲಿ ಮರೆತು ನಡುವೆ ಕತ್ತರಿಸಿದಳು. ಮೇಲಿನಿಂದ ಸಾಲುಸಾಲಾಗಿ ಬಿಚ್ಚಿಕೊಂಡು ಬಂಡಿಯ ಬಲಗಡೆಯೆಲ್ಲ ನನ್ನ ಮೇಲೆ ಇಳಿಯಿತು. ನಾನು ಸೆರಗೊಡ್ಡಿ ಹಿಡಿದೆ. ಅವ್ವ ತಲೆಯ ಮೇಲೆ ಕೈ ಹೊತ್ತಳು. ಅತ್ತೆ ಆ ಬೋಳು ಗೋಣಿಯನ್ನೂ ನನ್ನ ಸೆರಗನ್ನೂ ನೋಡಿ ನಕ್ಕರು. ಎರಡು ವರ್ಷದಲ್ಲಿ ಅವರ ನಗು ನಾನು ಕೇಳಿದ್ದು ಅದೇ ಮೊದಲು.

"ಹೂವಽ ಬಂದು ಉಡಿ ತುಂಬಿದ್ವು. ಬಿಡ್ರಿ, ಇನ್ನ ಮುಡಸ್ರಿ."

ಅವ್ವ ನನ್ನ ಜಡೆಯ ಉದ್ದಕ್ಕೂ ಹೂ ಹೊಲಿದಳು, ಬಳೆ ಏರಿಸಿದಳು. ಆರತಿಗೆ ಕಂದೀಲನ್ನೇ ಎತ್ತಿ ಇಬ್ಬರೂ ತಗ್ಗಿದ ದನಿಯಲ್ಲಿ ಹಾಡಿದರು. ನಾನು ಹೊಗೆಯ ನೆವವಿಲ್ಲದೆ ಮನಸಾರೆ ಅತ್ತುಬಿಟ್ಟೆ. ಕಲ್ಲಿನಂಥ ಹೆಂಗಸಂತೆ! ಇವರೇ ನನ್ನ ಎರಡನೆಯ ಅವ್ವ ಎನ್ನಿಸಿತು.

ಮರುದಿನ ಜುಲೂಸು ಮುಗಿಸಿ ಮಾವನವರು ಬಹಳ ಖುಷಿಯಲ್ಲಿ ಬಂದರು. ಚಪ್ಪಲಿ ಬಿಡುವ ಮೊದಲೇ ಶುರುಮಾಡಿದರು.

"ಕಮಲಾಪುರದವರ ಬಂಡಿ ಬಲಗಡಿ ಬೋಳು! ಊರಮಂದಿಯೆಲ್ಲಾ ನಗಾಕತ್ತಿತ್ತು. ಅವರು ಒಂದು ಕೆಲಸಾನೂ ನೆಟ್ಟಗ ಮಾಡಂಗಿಲ್ಲ."

ಅತ್ತೆ ರೊಟ್ಟಿ ತಟ್ಟುತ್ತಲೇ ಅಂದರು, "ಎತ್ತು ತಿಂದಿರಬೇಕು."

ನಾನು ನೀರಿನ ಚೊಂಬು ಮುಂದಿಟ್ಟು ಹಿಂತಿರುಗಿದೆ. ಹೂವಿನ ಜಡೆ ಮುಚ್ಚಿಕೊಳ್ಳಲು ಅತ್ತೆ ಹೇಳಿರಲಿಲ್ಲ, ನಾನೂ ಮುಚ್ಚಿಕೊಳ್ಳಲಿಲ್ಲ. ಮಾವನವರ ಕಣ್ಣು ಆ ಬಾಳೆನಾರಿನ ಹೂವಿನ ಮೇಲೆ ಬಿದ್ದಿರಬೇಕು. ಹಸಿರು ಬಳೆ ಸದ್ದಾಗದಂತೆ ಕೈ ಬಿಗಿಹಿಡಿದು ನಿಂತೆ. ಅವರು ನೀರು ಪೂರಾ ಕುಡಿದು ಚೊಂಬು ಕೆಳಗಿಟ್ಟ ಸದ್ದು ಕೇಳಿತು.

"ಎತ್ತಿನ ಹೊಟ್ಟಿ ತುಂಬಿತೋ ಇಲ್ಲೋ?" ಎಂದರು ಅತ್ತೆಗೆ.

"ತುಂಬ್ಯಾದ್ರಿ."

"ಹಂಗಾದ್ರ ಮುಂದಿನ ವಾರ ಗಾಡಿ ಹೂಡಸು, ಇಕಿನ್ನ ತವರಿಗೆ ಬಿಟ್ಟು ಬರ್ತೀನಿ." ಒಳಗೆ ಹೋಗುತ್ತಾ ಮತ್ತೆ ತಿರುಗಿ ನಿಂತರು. "ಬಾಜಾದವರನ್ನ ಇಲ್ಲಿಂದನಽ ಕರ್ಕೊಂಡು ಹೋಗೂಣು. ಕಮಲಾಪುರದವರನ್ನ ನೆಚ್ಚಿ ಕುಂತರ ಮತ್ತ ತಡಾ ಆಗ್ತದ."