ಅಂಪೈರ್ ಬುಡೇನ್ ಸಾಬರು

ಬೆಳಿಗ್ಗೆ ಪೇಪರಿನ ಪದಬಂಧಕ್ಕೆಂದು ನಿಘಂಟು ತೆರೆದವನು ಎಂದಿನಂತೆ ದಾರಿ ತಪ್ಪಿ ‘ಅಂಪೈರ್’ ಎಂಬಲ್ಲಿ ನಿಂತೆ. ಹಳೆಯ ಫ್ರೆಂಚಿನಿಂದ ಬಂದ ಮಾತಂತೆ. ಜೋಡಿಗೆ ಸೇರದವನು, ಎರಡು ಕಡೆಗೂ ಹೊರತಾದ ಮೂರನೆಯವನು ಎಂದರ್ಥವಂತೆ. ಆಟಕ್ಕೆ ಬರುವ ಮೊದಲು ಜಗಳ ತೀರಿಸುವವರಿಗೆ ಈ ಹೆಸರಿತ್ತಂತೆ. ನನಗೆ ನಗು ಬಂತು.

ಬಾರದೆ ಏನು ಮಾಡೀತು, ನೀವೇ ಹೇಳಿ. ಅರವತ್ತರ ದಶಕದಲ್ಲಿ ನಮ್ಮ ಕಡೆ ಹೊರತಾದವನನ್ನು ಯಾರೂ ನಂಬುತ್ತಿರಲಿಲ್ಲ. ಮಧುಗಿರಿಗೂ ಸಿರಾಕ್ಕೂ ಕಬಡ್ಡಿ ಎಂದರೆ ಎರಡೂ ಕಡೆ ನಂಟಿರುವವನೇ ಅಂಪೈರ್ ಆಗಬೇಕು. ಆಟ ನಡೆಯುತ್ತಿದ್ದುದು ಎರಡೂರ ನಡುವಿನ ಬಡವನಹಳ್ಳಿಯಲ್ಲಿ. ಅಲ್ಲಿನ ಟೈಲರ್ ಬುಡೇನ್ ಸಾಬರು ಸಿರಾದ ಮಗ, ಮಧುಗಿರಿಯ ಅಳಿಯ. ಸಿರಾ ಕಡೆ ವಾಲಿದರೆ ಹೆಂಡತಿ ಅನ್ನ ಹಾಕಳು, ಮಧುಗಿರಿ ಕಡೆ ವಾಲಿದರೆ ತಾಯಿ ಮಾತಾಡಿಸಳು. ಇದಕ್ಕಿಂತ ಗಟ್ಟಿ ಕಾನೂನು ಬೇಕೆ? ಕೊರಳಲ್ಲಿ ಅಳತೆ ಟೇಪು, ಬಾಯಲ್ಲಿ ಸೀಟಿ. ಅನುಮಾನ ಬಂದರೆ ಆಟಗಾರನನ್ನೇ ಕೇಳುತ್ತಿದ್ದರು. ಅವನು ಹೇಳಿದ್ದೇ ತೀರ್ಪು.

ಆ ವರ್ಷ ಮಧುಗಿರಿಯ ಕೊನೆಯ ರೈಡ್ ನನ್ನದು. ಗೆದ್ದವರಿಗೆ ತಲಾ ಒಂದು ಪ್ಯಾಂಟಿನ ಬಟ್ಟೆ ಬಹುಮಾನ. ಒಬ್ಬನನ್ನು ಮುಟ್ಟಿ, ಅಂಚಿನ ಸುಣ್ಣದ ಗೆರೆಯ ಪಕ್ಕದಲ್ಲೇ ಓಡಿ ಬಂದೆ. “ಲೈನ್ ತುಳ್ದ!” ಎಂದು ಸಿರಾದವರು ಕೂಗಿದರು. ದೂಳಿನಲ್ಲಿ ಸಾಬರಿಗೆ ಏನೂ ಕಂಡಿರಲಿಲ್ಲ.

“ತುಳಿದ್ಯೇನಪ್ಪಾ?”

ಹಿಮ್ಮಡಿ ಎಲ್ಲಿ ಬಿದ್ದಿತ್ತೆಂದು ನನಗೆ ಗೊತ್ತಿತ್ತು. “ಇಲ್ಲ ಸಾಬ್ರೇ,” ಎಂದೆ.

ಸೀಟಿ ಊದಿದರು, ನಾವು ಗೆದ್ದೆವು. “ಅತ್ತೆ ಮನೆ ಬಿರಿಯಾನಿ ಕೆಲ್ಸ ಮಾಡ್ತು ಕಣ್ಲಾ!” ಎನ್ನುತ್ತ ಸಿರಾದವನೊಬ್ಬ ಸಾಬರ ಸೀಟಿಯನ್ನು ಕಿತ್ತು ಎಸೆದ.

ನನ್ನ ಭಂಡತನ ನೋಡಿ, ಮೈದಾನದಿಂದ ನೇರ ಬಹುಮಾನದ ಬಟ್ಟೆ ಹಿಡಿದು ಅವರ ಅಂಗಡಿಗೇ ಹೋದೆ. ಆ ಊರಿಗೆ ಇದ್ದವರು ಅವರೊಬ್ಬರೇ ಟೈಲರ್. ಉದ್ದ ನೋಡಲು ಟೇಪು ಹಿಡಿದು ನನ್ನ ಕಾಲ ಬಳಿ ಬಗ್ಗಿದವರು ಬಹಳ ಹೊತ್ತು ಏಳಲೇ ಇಲ್ಲ. ನನ್ನ ಹಿಮ್ಮಡಿಯ ತುಂಬ ಸುಣ್ಣ.

“ಸಾಬ್ರೇ, ಅದು...”

“ಮಾತಾಡ್ಬ್ಯಾಡ. ನಾನ್ ಕೇಳ್ದೆ, ನೀನ್ ಯೋಳ್ದೆ, ನಾನ್ ನಂಬ್ದೆ. ಮುಗೀತು.” ಕತ್ತರಿಸಿ ಉಳಿದ ಚಿಂದಿಯೊಂದನ್ನು ತೆಗೆದು ಹಿಮ್ಮಡಿ ಒರೆಸತೊಡಗಿದರು. “ಸಿರಾದೋರು ಬಸ್ಸಿಗೆ ಕಾಯ್ತಾ ಅಲ್ಲೇ ನಿಂತವ್ರೆ. ಇಂಗೇ ಆಚೆ ಹೋದ್ರೆ ಕಾಲು ಮುರ್ದ್ಬುಡ್ತಾರೆ.”

ಆಮೇಲೆ ಸಾಬರನ್ನು ಯಾವ ಊರಿನವರೂ ಅಂಪೈರ್ ಮಾಡಲಿಲ್ಲ. ನನ್ನನ್ನು ಮರುವರ್ಷ ಕ್ಯಾಪ್ಟನ್ ಮಾಡಿದರು.

ಇಷ್ಟು ವರ್ಷ ಇದನ್ನು ಗೆದ್ದ ಕತೆಯಾಗಿಯೇ ಹೇಳಿಕೊಂಡು ತಿರುಗಿದ್ದೇನೆ, ನನ್ನ ಹೆಂಡತಿಗೂ ಹಾಗೆಯೇ ಹೇಳಿದ್ದೇನೆ. ಸುಣ್ಣದ ಮಾತು ಎತ್ತುತ್ತಿರುವುದು ಇವತ್ತೇ ಮೊದಲು. ಕೇಳಬೇಕಾದವರು ಈಗಿಲ್ಲ, ನೀವು ಕೇಳಿಸಿಕೊಂಡಿರಿ.

ತುಳಿದಿದ್ದೆ ಸಾಬ್ರೇ.