ಮೇಡಂ ಅಳಿಸಿದ ಡಿಸ್ಕು

ಮೇಡಂ ಬಲಗೈಯ ಕಿರುಬೆರಳು ಹೊರಕ್ಕೆ ಬಾಗಿತ್ತು. ಮೂವತ್ತು ವರ್ಷ ಟೈಪ್‌ರೈಟರಿನ ಗಟ್ಟಿ ಕೀಲಿಗಳನ್ನು ಒತ್ತಿ ಒತ್ತಿ ಆದ ಬಾಗು ಅದು. ಬಳೆ ಏರಿಸುವಾಗ ಆ ಬೆರಳು ನೋಯುತ್ತದೆಂದು ಎಡಗೈಗೆ ಮಾತ್ರ ಬಳೆ ಹಾಕುತ್ತಿದ್ದರು. ಹಣೆಯಲ್ಲಿ ತೆಳ್ಳಗೆ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಹಿರಿಯೂರಿನಲ್ಲಿ ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ಅವರು ಟೈಪಿಂಗ್ ಮೇಡಂ.

ಪಿಯುಸಿ ಮುಗಿಸಿ ನಾನು ಅವರ ಹತ್ತಿರ ಟೈಪಿಂಗ್ ಕಲಿತೆ. ಕೀಲಿಮಣೆ ನೋಡಿ ಒತ್ತಿದರೆ ಅಳತೆಕಡ್ಡಿಯಿಂದ ಮೆಲ್ಲಗೆ ಗಲ್ಲ ಎತ್ತಿ, "ಅಲ್ಲೇನೈತವ್ವ, ಕಿವಿ ಕೊಡು, ಬೆರಳಿಗೆ ತಾನೇ ಗೊತ್ತಾಗ್ತೈತೆ" ಎನ್ನುತ್ತಿದ್ದರು. ಆ ಕಲಿಕೆಯಿಂದಲೇ ನನಗೆ ತಾಲ್ಲೂಕು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆಮೇಲೆ ಟೈಪ್‌ರೈಟರ್‌ಗಳ ಕಾಲ ಮುಗಿಯಿತು, ಮೇಡಂ ಮುಗಿಯಲಿಲ್ಲ. ಐವತ್ತು ದಾಟಿದ ಮೇಲೆ ಕಂಪ್ಯೂಟರ್ ಕಲಿತರು. ಮದುವೆಯಾಗಿರಲಿಲ್ಲ, ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿ ಶುರು ಮಾಡಿದರು. ಪಟ್ಟಣದಲ್ಲಿ ಯಾರಾದರೂ ಹಳೆಯ ಕಂಪ್ಯೂಟರ್ ಕೊಂಡು ತಂದರೆ ಅದನ್ನು ನಡೆಸಲು ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಡುವವರು ಇವರೇ. ಮುದಿ ಯಂತ್ರವೂ ಅದರಲ್ಲಿ ಸಲೀಸಾಗಿ ಓಡುತ್ತಿತ್ತು. "ಅಪ್‌ಡೇಟ್ ಮಾಡ್ಲಾ ಅಂತ ಅದೇ ಕೇಳ್ತೈತೆ. ಕೇಳ್ದಾಗ ಹ್ಞೂಂ ಅನ್ರಿ" ಎಂದು ಎಲ್ಲರಿಗೂ ಹೇಳಿ ಕಳಿಸುತ್ತಿದ್ದರು.

ಹಾಗೆ ಹೇಳಿಸಿಕೊಂಡವರಲ್ಲಿ ಐಮಂಗಲದವನೊಬ್ಬನಿದ್ದ. ಹೆದ್ದಾರಿಯ ಪಕ್ಕದಲ್ಲಿ ಅವನದು ಪಂಕ್ಚರ್ ಅಂಗಡಿ. ಒಬ್ಬಳೇ ಮಗಳು ಓದಲಿ ಎಂದು ಹಳೆಯ ಕಂಪ್ಯೂಟರ್ ಕೊಂಡಿದ್ದ. ಫೋನಿನಲ್ಲಿ ಜಾಗ ತುಂಬಿದಾಗಲೆಲ್ಲ ಅವಳ ಫೋಟೊ, ವಿಡಿಯೊಗಳನ್ನು ಕಂಪ್ಯೂಟರಿಗೆ ಹಾಕಿ ಫೋನಿನಿಂದ ಅಳಿಸುತ್ತಿದ್ದ. ಎಂಟು ವರ್ಷಕ್ಕೆ ಆ ಹುಡುಗಿ ನಾಲ್ಕು ದಿನದ ಜ್ವರದಲ್ಲಿ ತೀರಿಕೊಂಡಳು. ಇದೆಲ್ಲ ಮೇಡಂಗೆ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನು ಕಂಪ್ಯೂಟರನ್ನು ಬಸ್ಸಿನಲ್ಲಿ ತಂದ. ಹಿಂದಿನ ದಿನ ಅಪ್‌ಡೇಟ್ ಆದ ಮೇಲೆ ಅದು ತೆರೆದುಕೊಳ್ಳುತ್ತಿರಲಿಲ್ಲ. ಕಪ್ಪು ಪರದೆಯ ಮೇಲೆ ನಾಲ್ಕು ಸಾಲು ಬಿಳಿ ಅಕ್ಷರ ಬಂದು ಅಲ್ಲೇ ನಿಲ್ಲುತ್ತಿತ್ತು. ಅಂಥದ್ದಕ್ಕೆ ಮೇಡಂಗೆ ಆಗ ತಿಳಿದಿದ್ದದ್ದು ಒಂದೇ ಮದ್ದು: ಎಲ್ಲ ಅಳಿಸಿ ಹೊಸದಾಗಿ ಹಾಕುವುದು. ಅರ್ಧ ಗಂಟೆಯಲ್ಲಿ ಮುಗಿಸಿದರು. ಅವನು ಕೈ ಮುಗಿದು ಹೋದ. ಮಧ್ಯಾಹ್ನದ ಬಸ್ಸಿಗೆ ಮತ್ತೆ ಬಂದ, ಕಂಪ್ಯೂಟರನ್ನು ಎದೆಗೆ ಅವಚಿಕೊಂಡು. ಬೆಂಚಿನ ಮೇಲೆ ಕುಳಿತು ಕೇಳಿದನಂತೆ:

"ಎಲ್ಲಾ ಚೆನ್ನಾಗೈತೆ ಮೇಡಂ. ನಮ್ ಹುಡ್ಗಿ ಎಲ್ಲಿ ಹೋದ್ಲು?"

ಮೇಡಂ ಇದನ್ನು ನನಗೆ ಹೇಳಿದ್ದು ಬಹಳ ತಿಂಗಳ ನಂತರ. "ಬೈದಿದ್ರೆ ಬೈಸ್ಕಂತಿದ್ದೆ ಕಣವ್ವ. ಅವನು ಬೈಲೇ ಇಲ್ಲ" ಎಂದರು.

ಫೋಟೊಗಳಿದ್ದ ಡಿಸ್ಕನ್ನು ಯಂತ್ರದಿಂದ ಬಿಚ್ಚಿ ತಮ್ಮಲ್ಲೇ ಇಟ್ಟುಕೊಂಡು ಅವನ ಯಂತ್ರಕ್ಕೆ ಬೇರೆ ಡಿಸ್ಕು ಹಾಕಿಕೊಟ್ಟರು. ಅಳಿಸಿದ್ದನ್ನು ಮತ್ತೆ ಹುಡುಕಿ ತೆಗೆಯುವ ವಿದ್ಯೆಯನ್ನು ಇಂಟರ್ನೆಟ್ಟಿನಲ್ಲಿ ಓದಿ, ಪದಕೋಶ ಪಕ್ಕದಲ್ಲಿಟ್ಟುಕೊಂಡು ಕಲಿತರು. ತಿಂಗಳುಗಟ್ಟಲೆ ಆ ಡಿಸ್ಕನ್ನು ಜರಡಿ ಹಿಡಿದರು. ಸಿಕ್ಕಿದ್ದು ಹೆಸರಿಲ್ಲದ ಚೂರುಗಳು. ಒಂದರಲ್ಲಿ ಮೊಣಕೈ, ಒಂದರಲ್ಲಿ ರಿಬ್ಬನ್ ಕಟ್ಟಿದ ಜಡೆ, ಮತ್ತೊಂದರಲ್ಲಿ ಹಣೆ, ಹುಬ್ಬು, ಕಣ್ಣು. ಕಣ್ಣಿನ ಕೆಳಗಿನದು ಸಿಗದೆ ಅಲ್ಲೆಲ್ಲ ಬರೀ ಬೂದುಬಣ್ಣ. ಆ ಕಣ್ಣುಗಳನ್ನು ಅವನು ಪ್ರಿಂಟ್ ಹಾಕಿಸಿಕೊಂಡು ಹೋದ. ಡಿಸ್ಕೇ ಕೆಟ್ಟುಹೋಗಿತ್ತು ಎಂದು ಅವನು ನಂಬಿಕೊಂಡಿದ್ದ. ಮೇಡಂ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಅಂದಿನಿಂದ ಅವರದೊಂದು ರೂಢಿ ಬದಲಾಯಿತು. ಯಾರು ಕಂಪ್ಯೂಟರ್ ತಂದರೂ ಮೊದಲು "ಒಳಗೆ ಯಾರವ್ರೆ?" ಎಂದು ಕೇಳುವರು. ಏನೈತೆ ಎಂದಲ್ಲ, ಯಾರವ್ರೆ ಎಂದು. ಮೇಡಂಗೆ ವಯಸ್ಸಾಯಿತು ಎಂದು ಕೆಲವರು ನಕ್ಕರು. ಉತ್ತರ ಬರುವವರೆಗೆ ಮೇಡಂ ಸ್ಕ್ರೂ ಬಿಚ್ಚುತ್ತಿರಲಿಲ್ಲ. ಒಳಗಿನದನ್ನೆಲ್ಲ ಬೇರೆ ಕಡೆ ನಕಲು ತೆಗೆದ ಮೇಲೆಯೇ ಕೆಲಸ.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ಭಾನುವಾರ ನನ್ನ ಕಂಪ್ಯೂಟರೂ ಅಪ್‌ಡೇಟ್ ಆಗಿ ಅದೇ ಥರ ನಿಂತಿತು. ಒಳಗಿದ್ದದ್ದು ನನ್ನ ತಮ್ಮನ ಮದುವೆಯ ಫೋಟೊ, ನಾಲ್ಕಾರು ಅರ್ಜಿ ನಮೂನೆ. ಮೇಡಂ ಮನೆಗೇ ಬಂದರು. ಆ ನಾಲ್ಕು ಸಾಲು ಕಂಡು ಅವರ ಮುಖ ಕಂದಿತು. ಫೋನಿನಲ್ಲಿ ಏನನ್ನೋ ಬಹಳ ಹೊತ್ತು ಓದಿದರು. ಯಂತ್ರ ನಿಲ್ಲಿಸಿ, ಮತ್ತೆ ಶುರು ಮಾಡಿ, ಮೂಲೆಯ ಎಸ್ಕೇಪ್ ಕೀಲಿ ಒತ್ತಿದರು. ನಾನು ಎಂದೂ ನೋಡಿರದ ಒಂದು ಪಟ್ಟಿ ಬಂತು. ಕೆಳಬಾಣ ಒತ್ತಿ ಹಳೆಯದೊಂದು ಸಾಲಿಗೆ ಹೋದರು. ನನ್ನ ಕಂಪ್ಯೂಟರ್ ಏನೂ ಆಗದಂತೆ ತೆರೆದುಕೊಂಡಿತು.

ನಾನು ಖುಷಿಯಾಗಿ ಕಾಫಿ ಇಡಲು ಎದ್ದೆ. "ಕುಂತ್ಕ" ಎಂದರು. ಅವರ ಕೈ ಕೀಲಿಮಣೆಯಿಂದ ಮಡಿಲಿಗೆ ಜಾರಿತ್ತು.

"ಕರ್ನಲ್ ಅಂತಾರೆ ಇದನ್ನ. ಯಂತ್ರದ ಯಜಮಾನ ಇದ್ದಂಗೆ. ಅಪ್‌ಡೇಟ್‌ನಾಗೆ ಹೊಸ ಯಜಮಾನ ಬಂದ. ಅವನಿಗೆ ಈ ಹಳೇ ಯಂತ್ರ ಒಗ್ಗಲಿಲ್ಲ, ಬಾಗ್ಲಾಗೇ ಬಿದ್ದ. ಆದ್ರೆ ಹಳಬ ಎಲ್ಲೂ ಹೋಗಿರಲ್ಲ ಕಣವ್ವ. ಹಿಂದ್ಗಡೆ ಕುಂತಿರ್ತಾನೆ. ಕರೆದ್ರೆ ಬರ್ತಾನೆ." ಕನ್ನಡಕ ತೆಗೆದು, "ಐಮಂಗಲದ್ದೂ ಇದೇ ನಾಲ್ಕು ಸಾಲು. ಒಂದು ಕೀಲಿ ಒತ್ತಿದ್ರೆ ಸಾಕಾಗಿತ್ತು" ಎಂದರು.

ಆಗಲೇ ಆ ಕಥೆಯನ್ನೆಲ್ಲ ನನಗೆ ಹೇಳಿದ್ದು. ಬೇಡವೆಂದು ನಾನು ಎಷ್ಟು ಹೇಳಿದರೂ ಮುಂದಿನ ಭಾನುವಾರ ನಿಜ ಹೇಳಿಬರಲು ಐಮಂಗಲಕ್ಕೆ ಹೊರಟೇಬಿಟ್ಟರು. ಒಬ್ಬರೇ ಹೋಗುವುದು ನನಗೆ ಸರಿಕಾಣದೆ ಜೊತೆಗೆ ಹೋದೆ.

ಅವನು ಲಾರಿಯೊಂದರ ಟೈರು ಬಿಚ್ಚುತ್ತಿದ್ದ. ನಮ್ಮನ್ನು ಕಂಡು ಕೈ ಒರೆಸಿಕೊಂಡು, ಅಂಗಡಿಯ ಹಿಂದಿನ ಮನೆಗೆ ಕರೆದೊಯ್ದ. "ಬರ್ರಿ ಮೇಡಂ, ಕುಂತ್ಕಳ್ರಿ. ಹೊಸಾದೇನಾರ ಸಿಕ್ತಾ?" ಎಂದು ಕೇಳಿದ. ಅವನ ಹೆಂಡತಿ ಬಾಗಿಲ ಹತ್ತಿರ ಬಂದು ನಿಂತಳು. ಗೋಡೆಯ ಮೇಲೆ ಚೌಕಟ್ಟಿನಲ್ಲಿ ಆ ಎರಡು ಕಣ್ಣುಗಳಿದ್ದವು. ಬೂದುಬಣ್ಣದ ಭಾಗವನ್ನೂ ಕತ್ತರಿಸದೆ ಹಾಗೇ ಇಟ್ಟಿದ್ದರು.

ಮೇಡಂ ಕುಳಿತುಕೊಳ್ಳಲಿಲ್ಲ. ಡಿಸ್ಕು ಕೆಟ್ಟಿರಲಿಲ್ಲ ಎಂದೂ, ಅಳಿಸಿದ್ದು ತಾವೇ ಎಂದೂ, ಅಳಿಸುವ ಅಗತ್ಯವೇ ಇರಲಿಲ್ಲ ಎಂದೂ ನಿಂತೇ ಹೇಳಿದರು. ಅವನು ಕೇಳಿಸಿಕೊಂಡ.

"ಅಂದ್ರೆ ಅವತ್ತು ಬೆಳಿಗ್ಗೆ ನಾನ್ ಬಸ್ಸಿನಾಗೆ ಎತ್ಕಂಡು ಬಂದಾಗ, ಅವಳು ಒಳಗೇ ಇದ್ಲಾ?"

"ಇದ್ಲಪ್ಪ."

ಹೆಂಡತಿ ಒಳಗೆ ಹೋಗಿ ಕದ ಹಾಕಿಕೊಂಡಳು. ಬಸ್ಸಿನವರೆಗೆ ಅವನು ನಮ್ಮ ಜೊತೆ ಬಂದ. ಬಸ್ಸು ಬಂದಾಗ, "ಸುಳ್ಳೇ ಇದ್ದಿದ್ರೆ ಚೆನ್ನಾಗಿತ್ತು ಮೇಡಂ" ಎಂದಷ್ಟೇ ಹೇಳಿದ. ಹಿರಿಯೂರು ಬರುವವರೆಗೆ ಮೇಡಂ ಕಿಟಕಿಯ ಕಂಬಿ ಹಿಡಿದೇ ಕುಳಿತಿದ್ದರು. ಇಳಿಯಾಣ ಎಂದು ನಾನು ಎರಡು ಸಲ ಹೇಳಬೇಕಾಯಿತು.

ಅದಾದ ಮೇಲೆ ಐಮಂಗಲದ ಮಾತು ನಮ್ಮಿಬ್ಬರ ನಡುವೆ ಬರಲಿಲ್ಲ. ತಿಂಗಳಿಗೊಮ್ಮೆ ಭಾನುವಾರ ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಮಠಕ್ಕೆ ಹೋಗಿದ್ದಾರೆಂದು ಅವರ ತಮ್ಮನ ಹೆಂಡತಿ ಹೇಳುತ್ತಿದ್ದಳು, ನಾನೂ ನಂಬಿದ್ದೆ. ಅವರ ದನಿ ತಗ್ಗಿತ್ತು. ಕೆಲಸದ ನಡುವೆ ಯಾರೋ ಕರೆದಂತೆ ತಲೆಯೆತ್ತಿ ಬಾಗಿಲ ಕಡೆ ನೋಡುವರು. ಒಮ್ಮೆ ಯಾರೆಂದು ಕೇಳಿದ್ದಕ್ಕೆ, ಅವನು ಅಂದು ಕುಳಿತು ಮಗಳನ್ನು ಕೇಳಿದ್ದ ಬೆಂಚು ತೋರಿಸಿ, "ಆ ಬೆಂಚು ತೆಗೆಸ್ಬೇಕು ಅಂತೀನಿ, ಮನಸ್ಸು ಬರವಲ್ದು" ಎಂದರು.

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ, ಪೂಜೆ ಮುಗಿಸಿ ಕುರ್ಚಿಯಲ್ಲಿ ಕುಳಿತ ಮೇಡಂ ಮತ್ತೆ ಏಳಲಿಲ್ಲ. ಕೋಣೆಯಲ್ಲಿದ್ದ ಯಂತ್ರಗಳನ್ನು ಅವರವರಿಗೆ ತಲುಪಿಸಲು ಅವರ ತಮ್ಮ ನನ್ನನ್ನು ಕರೆದರು. ಕಪಾಟಿನ ಮೇಲಿನ ಖಾನೆಯಲ್ಲಿ ಬಿಳಿ ಬಟ್ಟೆಯಲ್ಲಿ ಸುತ್ತಿದ ಒಂದು ಡಿಸ್ಕು. ಚೀಟಿಯಲ್ಲಿ ಐಮಂಗಲ ಎಂದು ಮೇಡಂ ಕೈಬರಹ. ಅದನ್ನು ಹಿಡಿದು ನಾನೊಬ್ಬಳೇ ಹೋದೆ.

ಗಂಡ ಸರಕು ತರಲು ಹೋಗಿದ್ದ. ಹೆಂಡತಿ ಒಬ್ಬಳೇ ಇದ್ದಳು. ಸುದ್ದಿ ಹೇಳಿ, ಡಿಸ್ಕನ್ನು ಅವಳ ಕೈಯಲ್ಲಿಟ್ಟೆ. ಅವಳು ಅದನ್ನು ಹಿಡಿದು ಹೊಸ್ತಿಲ ಮೇಲೆ ಕುಳಿತಳು.

"ಅದಕ್ಕೇನಾ ಅಕ್ಕ ಈ ತಿಂಗ್ಳು ಬರ್ಲಿಲ್ಲ?"

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ನಾವಿಬ್ಬರು ಬಂದುಹೋದ ಮರುತಿಂಗಳೇ ಮೇಡಂ ಒಬ್ಬರೇ ಬಂದಿದ್ದರಂತೆ. ಇವಳು ಕದ ತೆಗೆಯಲಿಲ್ಲ. ಜಗಲಿಯ ಮೇಲೆ ಸಂಜೆಯವರೆಗೆ ಕುಳಿತು ಹೋದರಂತೆ. ಮತ್ತೊಂದು ತಿಂಗಳೂ ಹಾಗೇ.

"ಮೂರನೇ ಸಲ ನಾನೇ ತೆಗ್ದೆ. ಫೋಟೊ ಅಂತೂ ಹೋದ್ವು, ನನ್ ಬಾಯಾಗಿರೋದನ್ನಾರ ಇಟ್ಕಂತೀರಾ ಅಂದೆ. ನಾನ್ ಹೇಳ್ತಿದ್ದೆ, ಅಕ್ಕ ಟೈಪ್ ಮಾಡ್ತಿದ್ರು. ನಾನ್ ಅತ್ರೆ ಬೆರಳು ನಿಲ್ಲಿಸೋರು. ಸಮಾಧಾನ ಮಾಡ್ತಿರ್ಲಿಲ್ಲ. ಸುಮ್ನೆ ಕಾಯೋರು."

ಒಳಗೆ ಕರೆದೊಯ್ದು ಕಂಪ್ಯೂಟರ್ ಹಚ್ಚಿದಳು. ಪುಟದ ಮೇಲೆ ಪುಟ. ಹುಟ್ಟಿದ ದಿನದಿಂದ ಶುರುವಾಗಿತ್ತು. ಮೊದಲ ಹಲ್ಲು, ಅವ್ವ ಎನ್ನಲು ಬಾರದೆ ಅಬ್ಬ ಎಂದದ್ದು, ಟೈರಿನೊಳಗೆ ಬಚ್ಚಿಟ್ಟುಕೊಂಡು ನಿದ್ದೆ ಹೋದದ್ದು. ಎಲ್ಲ ಆ ತಾಯಿಯ ಮಾತಿನಲ್ಲೇ, ಒಂದಕ್ಷರವನ್ನೂ ತಿದ್ದದೆ. ಕೊನೆಯ ಸಾಲು ನಡುವೆಯೇ ನಿಂತಿತ್ತು. ಬರಹದಲ್ಲಿ ಹುಡುಗಿಗೆ ಅಲ್ಲಿಗಿನ್ನೂ ಐದು ವರ್ಷ.

"ಇನ್ನೂ ಐತೆ ಹೇಳೋದು. ನಿಮಗೆ ಟೈಪಿಂಗ್ ಬರ್ತೈತಾ?" ಎಂದು ಕೇಳಿದಳು.

ಬರುತ್ತದೆ ಎಂದೆ.

ಈಗ ತಿಂಗಳಿಗೊಂದು ಭಾನುವಾರ ನಾನು ಐಮಂಗಲಕ್ಕೆ ಹೋಗುತ್ತೇನೆ. ಅವಳು ಹೇಳುತ್ತಾಳೆ, ನಾನು ಕಣ್ಣು ಪರದೆಯ ಮೇಲಿಟ್ಟು ಬರೆಯುತ್ತೇನೆ. ಹೇಳಿದ್ದನ್ನೇ ಮತ್ತೊಮ್ಮೆ ಹೇಳುತ್ತಾಳೆ, ಹಿಂದಕ್ಕೆ ಹೋಗುತ್ತಾಳೆ, ಒಂದು ಹಬ್ಬದ ಲಂಗದ ಬಣ್ಣದ ಬಗ್ಗೆ ಇಡೀ ಮಧ್ಯಾಹ್ನ ಹೇಳುತ್ತಾಳೆ. ಎರಡು ವರ್ಷವಾದರೂ ಹುಡುಗಿ ಎರಡನೇ ಕ್ಲಾಸಿನ ಬೇಸಿಗೆ ರಜೆ ದಾಟಿಲ್ಲ. ಏಳರ ಮುಂದೆ ಎಂಟು ಬರುತ್ತದೆಂದು, ಎಂಟರಲ್ಲಿ ಆ ಜ್ವರವೆಂದು ಇಬ್ಬರಿಗೂ ಗೊತ್ತು. ಅವಳು ಮಾತು ನಿಲ್ಲಿಸಿದಾಗ ನಾನು ಬೆರಳು ನಿಲ್ಲಿಸುತ್ತೇನೆ. ಆಮೇಲೆ ಏನಾಯಿತು ಎಂದು ಒಮ್ಮೆಯೂ ಕೇಳಿಲ್ಲ.